ನೆಲ ಏಳುವ ಗಳಿಗೆ

ಆ ಭಾನುವಾರ ಬೆಳಿಗ್ಗೆ ಒಣ ಗಾಳಿ ಬೀಸುತ್ತಿತ್ತು. ಮಳೆ ತರುವ ಗಾಳಿಯಲ್ಲ, ಚಳಿ ತರುವ ಗಾಳಿಯೂ ಅಲ್ಲ. ಬೀದಿಯ ಈ ಬದಿಯ ಧೂಳನ್ನು ಎತ್ತಿ ಆ ಬದಿಗಿಟ್ಟು, ಮನಸ್ಸು ಬದಲಿಸಿದಂತೆ ಮತ್ತೆ ಅದನ್ನೇ ಎತ್ತಿ ತರುವ, ಮಾಡಲು ಬೇರೆ ಕೆಲಸವಿಲ್ಲದ ಗಾಳಿ. ಆಕಾಶ ಮಾತ್ರ ಒರೆಸಿಟ್ಟ ಗಾಜಿನಂತೆ ನಿರ್ಮಲವಾಗಿತ್ತು. ಊರವರೆಲ್ಲ ಕನ್ನಡಕದವರು ಎಂದು ಕರೆಯುವ ಅವನು ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದ. ಬೀದಿಗೆ ಮುಖ ಮಾಡಿದ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ, ನಡುವೆ ಒಂದು ಪರದೆ. ಪರದೆಯ ಆಚೆ ಹೆಂಡತಿ ಅಂಗಡಿ ಗುಡಿಸುವ ಸದ್ದು ಕೇಳುತ್ತಿತ್ತು. ಪೊರಕೆ ಮೇಜಿನ ಹತ್ತಿರ ಬಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು. ಆ ಗಳಿಗೆಯಲ್ಲಿ ಅವನ ಕೈಯ ಬ್ಲೇಡೂ ನಿಂತಿತ್ತು. ಮೇಜಿನ ಕೆಳಗಿನ ಸೆಳೆಖಾನೆಗೆ ಬೀಗವಿಲ್ಲ. ಇಷ್ಟು ವರ್ಷ ಬೀಗ ಬೇಕಾಗಿರಲಿಲ್ಲ. ಮುಖ ತೊಳೆದು, ಬಿಳಿ ಅಂಗಿ ಹಾಕಿಕೊಂಡು, ಕೈಗಡಿಯಾರವನ್ನು ಬಲಗೈಗೆ ಕಟ್ಟಿದ. ಮದುವೆಯಾದಾಗಿನಿಂದ ಎಡಗೈಗೆ ಕಟ್ಟುತ್ತಿದ್ದದ್ದು ಈಗ ಕೆಲವು ತಿಂಗಳಿಂದ ಬಲಗೈಗೆ ಬಂದಿದೆ. ಪಟ್ಟಿ ಚುಚ್ಚುತ್ತೆ ಎಂದು ಹೆಂಡತಿಗೆ ಹೇಳಿದ್ದ. ಅವಳು ಹೂಂ ಎಂದಿದ್ದಳು. ಎಡಗೈಯ ಮಣಿಕಟ್ಟು ಈಗ ಬರಿದಾಗಿತ್ತು. ಅದರ ಮೇಲೆ ಏನೂ ಇರಬಾರದು ಎನ್ನುವುದು ಅವನಿಗೆ ಮಾತ್ರ ಗೊತ್ತಿದ್ದ ವಿಷಯ.

ಆ ಜಾಗವನ್ನು ಒಬ್ಬಳು ಹಿಡಿದಿದ್ದಳು. ಅವಳನ್ನು ಎಲ್ಲರೂ ಕಾಜಾ ಅಕ್ಕ ಎನ್ನುತ್ತಾರೆ. ಗಂಡ ಸತ್ತ ಮೇಲೆ, ಅಂಗಿಯಂಗಡಿಯವರು ಹೊಲಿದು ಕಳಿಸಿದ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿದುಕೊಟ್ಟು ಬದುಕುವವಳು. ಅವಳ ಕಾಜಾದಲ್ಲಿ ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ ಎಂದು ಹೆಸರು. ಹಳೆಯ ಕನ್ನಡಕದ ಗಾಜು ಬಿರುಕು ಬಿಟ್ಟಿದೆ, ನಂಬರೂ ಬದಲಾದ ಹಾಗಿದೆ ಎಂದು ಒಂದು ಮಧ್ಯಾಹ್ನ ಅಂಗಡಿಗೆ ಬಂದಳು. ಹೆಂಡತಿ ತವರಿಗೆ ಹೋಗಿದ್ದ ದಿನ. ಅವನು ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಗಿಡುವ ಕಬ್ಬಿಣದ ಫ್ರೇಮನ್ನು ಅವಳ ಮೂಗಿನ ಮೇಲಿಟ್ಟು, ಒಂದೊಂದೇ ಗಾಜು ಹಾಕಿ ತೆಗೆದು, ಇದು ಚೆನ್ನಾಗಿದೆಯೋ ಅದು ಚೆನ್ನಾಗಿದೆಯೋ ಎಂದು ಕೇಳುತ್ತ ಹೋದ. ಎಷ್ಟು ಜನರ ಮುಖದ ಹತ್ತಿರ ಹೀಗೆ ತನ್ನ ಮುಖ ಒಯ್ದಿಲ್ಲ ಅವನು. ಆದರೆ ಇವಳ ಕೈಬೆರಳುಗಳಿಂದ ದರ್ಜಿಯ ಸೀಮೆಸುಣ್ಣದ ವಾಸನೆ ಬರುತ್ತಿತ್ತು, ಕುತ್ತಿಗೆಯ ಹತ್ತಿರ ಒಂದು ದಾರದ ತುಣುಕು ಅಂಟಿಕೊಂಡಿತ್ತು. ಅದನ್ನು ತೆಗೆಯಬೇಕು ಅನ್ನಿಸಿತು, ತೆಗೆಯಬಾರದು ಅನ್ನಿಸಿತು. ಅನ್ನಿಸಿದ್ದು ಇಷ್ಟೇ ಎಂದರೆ ಸುಳ್ಳಾದೀತು. ಚರ್ಚಿನ ಆರಾಧನೆಯಲ್ಲಿ, ಹೆಂಗಸರ ಸಾಲಿನಲ್ಲಿ, ಎರಡು ಬೆಂಚು ಮುಂದೆ ಕೂರುವ ಆ ಕುತ್ತಿಗೆಯನ್ನು ಅವನು ಎಷ್ಟೋ ಭಾನುವಾರಗಳಿಂದ ನೋಡುತ್ತಿದ್ದ, ನೋಡಿ ಕಣ್ಣು ಮುಚ್ಚಿ ಪ್ರಾರ್ಥನೆಯ ನೆವದಲ್ಲಿ ಇನ್ನಷ್ಟು ನೋಡುತ್ತಿದ್ದ. ಕೊನೆಯ ಗಾಜು ಹಾಕಿ, ಎದ್ದು ನಿಂತು ಬಾಗಿಲವರೆಗೆ ನಡೆದು ನೋಡಿ ಎಂದ. ಅವಳು ಕುರ್ಚಿಯಿಂದ ಇಳಿದಳು, ಒಂದು ಹೆಜ್ಜೆ ಇಟ್ಟಳು, ತಟ್ಟನೆ ಅವನ ಎಡ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೊನೆಗೂ, ಎಂದುಕೊಂಡ. ಆ ಒಂದು ಪದ ಅವನ ಒಳಗೆ ಎಷ್ಟು ಸಲೀಸಾಗಿ ಹುಟ್ಟಿತೆಂದರೆ, ಅದು ಅಲ್ಲೇ ಎಲ್ಲೋ ಬಾಗಿಲ ಹಿಂದೆ ಕಾದು ನಿಂತಿದ್ದಿರಬೇಕು. ಆಮೇಲೆ ಕೈ ಕೊಡವಿಕೊಂಡ. ಕೊಡವಿಕೊಂಡು ಮೇಜಿನ ಆಚೆಗೆ ಹೋಗಿ ನಿಂತು, ಗಾಜು ಬರಬೇಕು, ಬಂದ ಮೇಲೆ ಹೇಳಿ ಕಳಿಸ್ತೀನಿ, ಹಳೇ ಫ್ರೇಮು ಇಲ್ಲೇ ಇರಲಿ ಎಂದ. ಅವಳು ಗೋಡೆ ಹಿಡಿದು ನಿಂತಿದ್ದಳು, ಏನೋ ಹೇಳಹೊರಟಿದ್ದಳು. ಅವನು ಕೇಳಿಸಿಕೊಳ್ಳಲಿಲ್ಲ. ಗೆದ್ದವನ ಕಿವಿ ಅಷ್ಟು ಬೇಗ ತೆರೆಯುವುದಿಲ್ಲ.

ಆ ವಾರ ಗಂಡಸರ ಪ್ರಾರ್ಥನಾಕೂಟದಲ್ಲಿ ದೇವರು ತನಗೆ ಮಾಡಿದ್ದರ ಸಾಕ್ಷಿ ಹೇಳಲು ಎದ್ದು ನಿಂತ. ಹೆಸರು ಹೇಳಲಿಲ್ಲ, ಹೇಳಬಾರದೆಂಬ ಎಚ್ಚರ ಅವನಿಗಿತ್ತು; ಆ ಎಚ್ಚರವನ್ನೂ ದೇವರ ಲೆಕ್ಕಕ್ಕೇ ಬರೆದುಕೊಂಡಿದ್ದ. ಕರ್ತನು ನನ್ನನ್ನು ಒಂದು ಬಲೆಯಿಂದ ಬಿಡಿಸಿದ, ನನ್ನ ಅಂಗಡಿಯಲ್ಲೇ, ನನ್ನ ಕುರ್ಚಿಯ ಪಕ್ಕದಲ್ಲೇ ಎಂದ. ಒಬ್ಬಿಬ್ಬರು ಆಮೆನ್ ಎಂದರು. ಆಮೇಲೆ ಗಂಡಸರು ತಮ್ಮ ತಮ್ಮ ಮನೆಗೆ ಹೋದರು, ಮನೆಗಳಲ್ಲಿ ಹೆಂಗಸರಿದ್ದರು. ಕನ್ನಡಕ ಒಡೆದುಕೊಂಡು ಅಂಗಡಿಗೆ ಹೋದ ಒಂಟಿ ಹೆಂಗಸು ಈ ಚಿಕ್ಕ ಸಭೆಯಲ್ಲಿ ಎಷ್ಟು ಜನ ಇರಲು ಸಾಧ್ಯ. ಮುಂದಿನ ಭಾನುವಾರ ಕಾಜಾ ಅಕ್ಕನ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಅದರ ಮುಂದಿನ ಭಾನುವಾರ ಅವಳೇ ಕೊನೆಯ ಬೆಂಚಿಗೆ ಹೋಗಿ ಕೂತಳು. ಅವನು ಅದನ್ನು ನೋಡಿ, ತಪ್ಪು ಮಾಡಿದವರಿಗೆ ತಮ್ಮ ಜಾಗ ತಾನಾಗಿಯೇ ಗೊತ್ತಾಗುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡದ್ದುಂಟು. ತವರಿನಿಂದ ಬಂದ ಹೆಂಡತಿಗೂ ಹೇಳಿದ, ಹೆಸರು ಹಿಡಿದೇ ಹೇಳಿದ. ಹೆಂಡತಿಯ ಹತ್ತಿರ ಮುಚ್ಚಿಡುವುದುಂಟೇ. ಅವರು ನನ್ನ ಕೈ ಹಿಡಿದರು, ನಾನು ಬಿಡಿಸಿಕೊಂಡೆ, ನೀನು ಇರಲಿಲ್ಲ, ಆದರೂ ಬಿಡಿಸಿಕೊಂಡೆ ಎಂದ. ಅವಳು ಬಟ್ಟೆ ಮಡಚುತ್ತಿದ್ದಳು. ಅವಳ ಕಣ್ಣಲ್ಲಿ ನೀರು ಬಂದೀತು, ಇಲ್ಲದಿದ್ದರೆ ಕೋಪವಾದರೂ ಬಂದೀತು, ಎರಡಕ್ಕೂ ಅವನು ತಯಾರಾಗಿದ್ದ. ಅವಳು ಒಂದು ಅಂಗಿಯ ತೋಳನ್ನು ಸರಿಯಾಗಿ ಒಳಗೆ ಮಡಚಿ ಕೇಳಿದಳು:

“ಎಷ್ಟು ಹೊತ್ತು ಹಿಡ್ಕೊಂಡಿದ್ರು?”

ಅವನು ಎಷ್ಟು ಹೊತ್ತಾದರೇನು ಎಂದು ರೇಗಿದ. ಅವಳು ಮತ್ತೆ ಕೇಳಲಿಲ್ಲ. ಆದರೆ ಆ ಪ್ರಶ್ನೆ ಮನೆಯಲ್ಲೇ ಉಳಿದುಬಿಟ್ಟಿತು, ಹೋಗಲು ಮರೆತ ನೆಂಟರಂತೆ. ಊಟಕ್ಕೆ ಕೂತಾಗ ಎದುರಿಗೆ, ದೀಪ ಆರಿಸುವಾಗ ಪಕ್ಕದಲ್ಲಿ.

ಗಾಜು ಬಂದು ಬಹಳ ದಿನವಾಗಿತ್ತು. ಬಂದ ದಿನವೇ ಅಂಚು ಉಜ್ಜಿ, ಅವಳ ಹಳೆಯ ಫ್ರೇಮಿಗೆ ಕೂರಿಸಿ, ತಿರುಪು ಬಿಗಿ ಮಾಡಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಸೆಳೆಖಾನೆಯಲ್ಲಿಟ್ಟಿದ್ದ. ಹೇಳಿ ಕಳಿಸಲಿಲ್ಲ. ಕಳಿಸಿದರೆ ಬರುತ್ತಾಳೆ, ಬಂದರೆ ಮತ್ತೆ ಆ ಕುರ್ಚಿ, ಆ ಸೀಮೆಸುಣ್ಣದ ವಾಸನೆ. ಶೋಧನೆಗೆ, ಪಾಪದ ಸೆಳೆತಕ್ಕೆ, ತಾನಾಗಿಯೇ ಬಾಗಿಲು ತೆರೆಯಬಾರದು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿ ಕಳಿಸದಿದ್ದರೂ ಅವಳು ಬಂದೇ ಬಂದಳು, ಕೇಳಲು. ಗಾಜು ಬಂತಾ ಅಣ್ಣ. ಇಲ್ಲ, ಇನ್ನೂ ಬಂದಿಲ್ಲ. ಬಾಗಿಲಲ್ಲೇ ನಿಂತು ಕೇಳಿ, ಮೆಟ್ಟಿಲನ್ನು ಕಾಲಿನಿಂದ ತಡವಿ ಇಳಿದು ಹೋಗುತ್ತಿದ್ದಳು. ಹೋದ ಮೇಲೆ ಅವನು ಬಾಗಿಲಿಗೆ ಬಂದು ಬೀದಿಯ ತಿರುವಿನವರೆಗೂ ಅವಳನ್ನು ನೋಡುತ್ತಿದ್ದ. ಕೊಟ್ಟುಬಿಟ್ಟರೆ ಅವಳು ಬರುವುದು ನಿಲ್ಲುತ್ತದೆ ಎಂಬ ಇನ್ನೊಂದು ಲೆಕ್ಕವೂ ಅವನೊಳಗೆ ನಡೆದಿತ್ತು. ಅದರ ಕಡೆ ಮಾತ್ರ ಅವನು ತಿರುಗಿ ನೋಡುತ್ತಿರಲಿಲ್ಲ. ಓಡುತ್ತಲೂ ಇದ್ದ, ಹಿಡಿದುಕೊಂಡೂ ಇದ್ದ. ಅಷ್ಟರಲ್ಲಿ ಅಂಗಿಯಂಗಡಿಯವರು ಒಂದು ಗಂಟು ಅಂಗಿಯನ್ನು ಅವಳಿಗೆ ವಾಪಸು ಕಳಿಸಿದರೆಂಬ ಸುದ್ದಿ ಬಂತು. ಕಾಜಾಗಳೆಲ್ಲ ಸೊಟ್ಟ, ಕೆಲವು ಗುಂಡಿಯ ಬದಿಗೇ ಹೊಲಿದುಬಿಟ್ಟಿದ್ದಾಳಂತೆ. ಕೈಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡಿದ್ದಾಳಂತೆ. ಹೆಂಡತಿ ಇದನ್ನು ಹೇಳುವಾಗ ಅವನ ಮುಖ ನೋಡದೆ ಸೆಳೆಖಾನೆಯ ಕಡೆ ನೋಡಿದಳೇ, ಅಥವಾ ಅದು ಅವನ ಭ್ರಮೆಯೇ.

ಹೋದ ತಿಂಗಳ ಪ್ರಭುಭೋಜನದಲ್ಲಿ ಕಾಜಾ ಅಕ್ಕ ಪಾತ್ರೆಯಲ್ಲಿ ಕುಡಿಯಲಿಲ್ಲ. ಈ ಸಭೆಯಲ್ಲಿ ಹಿರಿಯರ ಕಾಲದಿಂದ ಬಂದ ಒಂದು ರೂಢಿಯಿದೆ. ತಿಂಗಳ ಮೊದಲ ಭಾನುವಾರ ದ್ರಾಕ್ಷಾರಸದ ಪಾತ್ರೆಯನ್ನು ಬೆಂಚಿನಿಂದ ಬೆಂಚಿಗೆ ಒಬ್ಬ ಹಿಡಿದು ತರುತ್ತಾನೆ. ಯಾರೊಂದಿಗಾದರೂ ಬಗೆಹರಿಯದ ಸಂಗತಿ ಇದ್ದವರು ತುಟಿಗೆ ತಾಗಿಸದೆ ಮುಂದಕ್ಕೆ ಕೊಡುತ್ತಾರೆ. ಯಾಕೆಂದು ಯಾರೂ ಕೇಳುವಂತಿಲ್ಲ. ಕೇಳುವುದಿಲ್ಲ, ಆದರೆ ಎಲ್ಲರೂ ನೋಡುತ್ತಾರೆ. ಪಾತ್ರೆ ಹಿಡಿದವನು ಕೊನೆಗೆ ಮೇಜಿನ ಬಳಿ ನಿಂತು ಉಳಿದದ್ದನ್ನು ಕುಡಿದರೆ ಆರಾಧನೆ ಮುಗಿಯಿತು. ಪಾತ್ರೆ ಹಿಡಿಯುವ ಕೆಲಸ ಈಗ ಬಹಳ ವರ್ಷಗಳಿಂದ ಅವನದು. ಆವತ್ತು ಕಾಜಾ ಅಕ್ಕ ಪಾತ್ರೆಯನ್ನು ತಡವಿ ಮುಟ್ಟಿ ಹಾಗೆಯೇ ಹಿಂದಕ್ಕೆ ಕೊಟ್ಟಾಗ, ಅವಳ ಪಾಪ ಅವಳನ್ನು ಕುಟುಕುತ್ತಿದೆ ಎಂದು ಅವನು ಕನಿಕರಪಟ್ಟಿದ್ದ. ಕನಿಕರ. ಅದನ್ನು ನೆನೆದರೆ ಈಗ ಬಾಯಿ ಒಣಗುತ್ತದೆ.

ಯಾಕೆಂದರೆ ಈ ಬೆಳಿಗ್ಗೆ, ಹೆಂಡತಿ ಗುಡಿಸಿ ಒಳಗೆ ಹೋದ ಮೇಲೆ, ಅವನು ಅಂಗಡಿಗೆ ಬಂದು ಸೆಳೆಖಾನೆ ಎಳೆದ. ಕನ್ನಡಕ ಸುತ್ತಿದ್ದ ಬಟ್ಟೆ ಅವನು ಮಡಚಿದ ಹಾಗಿರಲಿಲ್ಲ, ಇನ್ನೂ ನೀಟಾಗಿತ್ತು. ಅಂಗಿಯ ತೋಳನ್ನು ಮಡಚುವ ಕೈ ಮಡಚಿದ್ದು. ಆಮೇಲೆ ಯಾಕೆಂದು ತಿಳಿಯದೆ, ಕಾಜಾ ಅಕ್ಕನ ಮೂಗಿನ ಮೇಲೆ ಕೂತಿದ್ದನ್ನು ಒಂದು ಸಲ ತನ್ನ ಮೂಗಿನ ಮೇಲಿಟ್ಟರೆ ಏನಾದೀತು ಎಂಬ ನಾಚಿಕೆಗೇಡಿನ ಆಸೆಯಿಂದಲೇ ಇರಬೇಕು, ಅದನ್ನು ಹಾಕಿಕೊಂಡ. ಹಾಕಿಕೊಂಡು ಅಂಗಡಿಯ ಕನ್ನಡಿಯ ಕಡೆಗೆ ಒಂದು ಹೆಜ್ಜೆ ಇಟ್ಟ. ನೆಲ ಎದ್ದು ಬಂತು. ಬಾಗಿಲ ಚೌಕಟ್ಟು ವಾಲಿತು, ಹಲಗೆಗಳು ಓರೆಯಾಗಿ ಮೇಲಕ್ಕೆ ಹತ್ತಿದವು, ಕಾಲಿಗೆ ನೆಲ ಎಲ್ಲಿದೆಯೆಂದೇ ತಿಳಿಯದಾಯಿತು, ಅವನ ಕೈ ಅವನನ್ನು ಕೇಳದೆ ಮುಂದಕ್ಕೆ ಚಾಚಿ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಮೇಜನ್ನು ಹಿಡಿದ ತನ್ನ ಬೆರಳುಗಳನ್ನು ಅವನು ನೋಡಿದ. ಬಿಳಿಚಿದ್ದವು. ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಉಬ್ಬಿದ ಗಾಜು ಮೊದಲ ಸಲ ಹಾಕಿದವರಿಗೆ ಹೀಗೇ ಆಗುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ವಲ್ಪ ನೆಲ ಎದ್ದ ಹಾಗೆ ಕಾಣುತ್ತೆ, ಏನಾದ್ರೂ ಹಿಡ್ಕೊಳ್ಳಿ, ಗಳಿಗೆಯಲ್ಲಿ ಸರಿ ಹೋಗುತ್ತೆ: ಮುದುಕರಿಗೆ, ಹುಡುಗಿಯರಿಗೆ, ಬಂದವರಿಗೆಲ್ಲ ನಿದ್ದೆಯಲ್ಲೂ ಹೇಳುವಷ್ಟು ಸಲ ಹೇಳಿದ ಮಾತು. ಹೇಳಿ, ಹಿಡಿದುಕೊಳ್ಳಲು ತನ್ನ ಕೈಯನ್ನೇ ಚಾಚುತ್ತಿದ್ದ. ಅವಳೊಬ್ಬಳಿಗೆ ಹೇಳಿರಲಿಲ್ಲ. ಆ ಹೊತ್ತಿಗೆ ಅವನು ದಾರದ ತುಣುಕನ್ನು ನೋಡುತ್ತಿದ್ದ.

ಹಾಗಾದರೆ ಅವನು ಗೆದ್ದದ್ದು ಯಾರನ್ನು. ಬಲೆ ಯಾರದು. ಕಾಲಿಗೆ ನೆಲ ಸಿಗದೆ ಬೀಳಲಿದ್ದವಳ ಕೈಯನ್ನು ಕೊಡವಿ ದೂರ ಹೋಗಿ ನಿಂತದ್ದಕ್ಕೆ ಸಭೆ ಆಮೆನ್ ಎಂದಿತ್ತು. ಕನ್ನಡಕ ತೆಗೆದ. ಪರದೆಯ ಹತ್ತಿರ ಹೆಂಡತಿ ನಿಂತಿದ್ದಳು, ಎಷ್ಟು ಹೊತ್ತಿನಿಂದ ನಿಂತಿದ್ದಳೋ. “ಗಾಜು ಬಂತಾ?” ಎಂದಳು, ಏನೂ ಗೊತ್ತಿಲ್ಲದವಳಂತೆ. ಬಂತು ಎಂದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ನಾಲಿಗೆಗೆ ರೂಢಿಯಾಗಿದ್ದೇ ಬಂತು. ಇಲ್ಲ ಎಂದ. ಅವಳು ತಲೆಯಾಡಿಸಿ, ಹೊತ್ತಾಯಿತು, ಹೊರಡಿ ಎಂದಳು. ಅವನು ಕನ್ನಡಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ.

ಚರ್ಚಿನ ಬಾಗಿಲಲ್ಲಿ ಗಂಟೆ ತಾತ ಹಗ್ಗ ಹಿಡಿದು ಗಾಳಿಗೆ ಬೆನ್ನು ಮಾಡಿ ನಿಂತಿದ್ದ. ಹಲ್ಲಿಲ್ಲದ ಬಾಯಿಯ ಆ ಮುದುಕನಿಗೆ ಯಾರ ಹಂಗೂ ಇಲ್ಲ. “ಏನು ಕನ್ನಡಕದವರೇ, ನಿಮ್ಮ ಕಾಜಾ ಅಕ್ಕ ಈಗ ಮೆಟ್ಟಿಲು ಎಡವಿದ್ರು, ನಾನೇ ಕೈ ಹಿಡಿದು ಹತ್ತಿಸಿದೆ. ನನಗೆ ವಯಸ್ಸಾಗಿದೆ, ಯಾರೂ ಏನೂ ಅಂದ್ಕೊಳ್ಳಲ್ಲ ಬಿಡಿ” ಎಂದು ಕಣ್ಣು ಕಿರಿದು ಮಾಡಿ ನಕ್ಕ. ನಿಮ್ಮ ಕಾಜಾ ಅಕ್ಕ. ಅವನೂ ನಕ್ಕ, ನಗದಿದ್ದರೆ ಅದಕ್ಕೊಂದು ಅರ್ಥ ಬರುತ್ತಿತ್ತು. ಹೆಂಡತಿ ನಗಲಿಲ್ಲ. ತಾತನ ಕೈಗೆ ಗಾಯವಾಗಿದ್ದನ್ನು ನೋಡಿ, ಹಗ್ಗ ಹಳೆಯದಾಯ್ತು, ಬಟ್ಟೆ ಸುತ್ತಿಕೊಳ್ಳಿ ಎಂದು ಹೇಳಿ ಒಳಗೆ ಹೋದಳು.

ಸಭಾಪಾಲಕರು ಆ ದಿನ ಶೋಧನೆಯ ಬಗ್ಗೆಯೇ ಪ್ರಸಂಗ ಮಾಡಿದರು. ಯಜಮಾನನ ಹೆಂಡತಿ ಬಟ್ಟೆ ಹಿಡಿದೆಳೆದಾಗ ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿಹೋದ ಆ ಪರದೇಶಿ ಯುವಕನ ಕಥೆ. ಸಭೆಗೆ ಪ್ರಿಯವಾದ ಕಥೆ. ಹೇಳುತ್ತ ಅವರ ಕಣ್ಣು ಮೆಲ್ಲಗೆ ಅವನ ಕಡೆ ಬಂದು, ಮೆಚ್ಚುಗೆಯಲ್ಲಿ ಗಳಿಗೆ ನಿಂತು, ಮುಂದೆ ಹೋಯಿತು. ಇಷ್ಟು ದಿನ ಆ ಯುವಕನ ಜಾಗದಲ್ಲಿ ಅವನು ತನ್ನನ್ನೇ ನಿಲ್ಲಿಸಿಕೊಂಡಿದ್ದ. ಈಗ ಜೇಬಿನಲ್ಲಿ ಫ್ರೇಮಿನ ಕಡ್ಡಿ ಎದೆಗೆ ಒತ್ತುತ್ತಿತ್ತು. ಅಲ್ಲಿ ಓಡಿಹೋದವನು ತನ್ನದನ್ನು ಅವಳ ಕೈಯಲ್ಲಿ ಬಿಟ್ಟು ಹೋದ. ಇಲ್ಲಿ ಓಡಿದವನು ಅವಳದನ್ನು ಎತ್ತಿಕೊಂಡು ಬಂದಿದ್ದಾನೆ. ಆ ಕಥೆಯಲ್ಲಿ ಸುಳ್ಳು ದೂರು ಹೇಳಿದವರೂ ಒಬ್ಬರಿದ್ದರು, ಆ ಯಜಮಾನನ ಹೆಂಡತಿ. ತನ್ನ ಜಾಗ ಅಲ್ಲಿ ಎಂದು ಹೊಳೆದಾಗ ಅವನು ಬೆಂಚಿನ ಮೇಲೆ ಸ್ವಲ್ಪ ಸರಿದು ಕೂತ, ಪಕ್ಕದವರಿಗೆ ಜಾಗ ಮಾಡಿಕೊಡುವವನಂತೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಪಾತ್ರೆ ಅವನ ಕೈಗೆ ಬಂತು. ಗಂಡಸರ ಸಾಲು ಮುಗಿಸಿ ಹೆಂಗಸರ ಸಾಲಿಗೆ ಬಂದ. ಮೊದಲ ಬೆಂಚಿನಲ್ಲಿ ಹೆಂಡತಿ. ಮದುವೆಯಾದಾಗಿನಿಂದ ಅವಳು ಕುಡಿಯದೆ ದಾಟಿಸಿದ್ದನ್ನು ಅವನು ಕಂಡಿಲ್ಲ. ಅವಳು ಪಾತ್ರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಅವನ ಬರಿ ಮಣಿಕಟ್ಟನ್ನು ನೋಡಿದಳು, ಪಕ್ಕದವಳಿಗೆ ಕೊಟ್ಟಳು. ಪಕ್ಕದವಳ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಸಾಲಿನ ಉದ್ದಕ್ಕೂ ತಲೆಗಳು ಅಲ್ಲಾಡಲಿಲ್ಲ, ಆದರೆ ನೋಡಿದವು. ಹೇಗೋ ಕೊನೆಯ ಬೆಂಚಿಗೆ ಬಂದ. ಕಾಜಾ ಅಕ್ಕ ಒಬ್ಬಳೇ ಕೂತಿದ್ದಳು, ಬೆರಳುಗಳಿಗೆ ಬಟ್ಟೆ. ಅವಳು ಕೈ ಚಾಚಿದ್ದು ಪಾತ್ರೆ ಇಲ್ಲದ ಕಡೆಗೆ. ಅವನು ಪಾತ್ರೆಯನ್ನು ಆ ಕೈಗೆ ತಂದು ಮುಟ್ಟಿಸಬೇಕಾಯಿತು. ಮುಟ್ಟಿ, ಹಿಂದಕ್ಕೆ ತಳ್ಳಿದಳು. ಅವಳ ಮುಂದೆ ದಾಟಿಸಲು ಇನ್ನಾರೂ ಇರಲಿಲ್ಲ.

“ಯಾಕೆ?” ಎಂದ. ಕೇಳಬಾರದ್ದು ಬಾಯಿಯಿಂದ ಜಾರಿತ್ತು.

ಅವಳು ದನಿ ಬಂದ ಕಡೆ ಮುಖ ಎತ್ತಿದಳು. ಕಣ್ಣುಗಳು ಅವನ ಭುಜದ ಆಚೆ ಎಲ್ಲೋ ನೆಟ್ಟಿದ್ದವು. “ಕೇಳಬಾರದು ಅಣ್ಣ. ಕೇಳಿದ್ರಿ, ಅದಕ್ಕೆ ಹೇಳ್ತೀನಿ. ನನ್ನ ಬಗ್ಗೆ ನೀವು ಏನು ಹೇಳಿದ್ರಿ ಅಂತ ನನಗೆ ಗೊತ್ತಿಲ್ಲ. ಏನೋ ಹೇಳಿದ್ದೀರಿ ಅಂತ ಮಾತ್ರ ಗೊತ್ತು. ಅದೇನು ಅಂತ ತಿಳಿಯೋವರೆಗೂ ಕುಡಿಯಲ್ಲ.” ದನಿಯಲ್ಲಿ ಸಿಟ್ಟಿರಲಿಲ್ಲ. ಹೊಲಿಗೆ ಬಿಟ್ಟಿದ್ದನ್ನು ತೋರಿಸುವವಳಂತೆ ಹೇಳಿದಳು. ಅಣ್ಣ ಎಂಬ ಮಾತು ಅವನ ಮುಖಕ್ಕೆ ಹೊಡೆದಂತಾಯಿತು. ಅವಳು ಮೊದಲಿನಿಂದಲೂ ಹಾಗೇ ಕರೆಯುತ್ತಿದ್ದಳು, ಆ ಮಧ್ಯಾಹ್ನ ಕೂಡ.

ಮೇಜಿನ ಹತ್ತಿರ ವಾಪಸು ಬಂದ. ಪಾತ್ರೆಯ ತಳದಲ್ಲಿ ಇನ್ನೂ ಸ್ವಲ್ಪ ಇತ್ತು. ಕಿಟಕಿಯ ಬೆಳಕು ಅದರಲ್ಲಿ ನಡುಗುತ್ತಿತ್ತು. ಕುಡಿದರೆ ಮುಗಿಯಿತು. ಸಭೆ ಏಳುತ್ತದೆ, ಹಾಡುತ್ತದೆ, ಹೆಂಡತಿಗೆ ಏನೋ ಬೇಸರವಾಗಿತ್ತು ಅನ್ನುತ್ತದೆ, ಕೊನೆಯ ಬೆಂಚಿನವಳ ಬಗ್ಗೆ ತಾನು ಅಂದುಕೊಂಡದ್ದೇ ಸರಿ ಅನ್ನುತ್ತದೆ, ಅವನು ಶೋಧನೆ ಗೆದ್ದವನಾಗಿಯೇ ಮನೆಗೆ ಹೋಗುತ್ತಾನೆ. ಅಷ್ಟು ವರ್ಷ ಕುತ್ತಿಗೆ ನೋಡುವಾಗ ಆಗದಷ್ಟು ಬಲವಾಗಿ ಆ ಒಂದು ಗುಟುಕು ಅವನನ್ನು ಎಳೆಯಿತು. ತುಟಿಯವರೆಗೆ ಎತ್ತಿದ. ದ್ರಾಕ್ಷಾರಸದ ಹುಳಿ ವಾಸನೆ ಮೂಗಿಗೆ ಬಂತು. ಎತ್ತಿದ್ದನ್ನು ಇಳಿಸಿ, ಪಾತ್ರೆಯ ಮೇಲೆ ಬಟ್ಟೆ ಮುಚ್ಚಿದ.

ಕುಡಿಯಿರಿ ಎಂದು ಸಭಾಪಾಲಕರು ಮೆಲ್ಲಗೆ ಅಂದರು, ಅವನು ಮರೆತಿದ್ದಾನೆ ಎಂದುಕೊಂಡು.

“ಆಗಲ್ಲ ಅಯ್ಯಾ,” ಎಂದ. “ನಾನು ಸಾಕ್ಷಿ ಹೇಳಿದ್ದು ಸುಳ್ಳು. ಅವರು ಬೀಳ್ತಾ ಇದ್ರು, ಅದಕ್ಕೆ ಹಿಡ್ಕೊಂಡ್ರು.”

ದೊಡ್ಡ ದನಿಯೇನಲ್ಲ. ಆದರೆ ಗಾಳಿ ಆ ಹೊತ್ತಿಗೆ ನಿಂತಿತ್ತೋ ಏನೋ, ಕೊನೆಯ ಬೆಂಚಿನವರೆಗೂ ಹೋಯಿತು. ಇಷ್ಟು ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎಂದು ಕೇಳಿದ್ದ. ಆಗಲಿಲ್ಲ. ಗಂಡಸರ ಸಾಲಿನಲ್ಲಿ, ಆವತ್ತು ಮೊದಲು ಆಮೆನ್ ಎಂದವನು ತನ್ನ ಚಪ್ಪಲಿಯನ್ನು ನೋಡಿಕೊಳ್ಳುತ್ತಿದ್ದ. ಅವನು ಜೇಬಿನಿಂದ ಕನ್ನಡಕ ತೆಗೆದ. ಬಟ್ಟೆ ಬಿಚ್ಚಿದ. ಕೊನೆಯ ಬೆಂಚಿಗೆ ಹೋಗಬೇಕಿತ್ತು. ಕೈಯಲ್ಲಿ ಅದನ್ನು ಹಿಡಿದುಕೊಂಡು ಎಲ್ಲರೆದುರು ಹಾಗೇ ನಿಂತ.

ಹೆಂಡತಿ ಎದ್ದು ಬಂದಳು. ಅವನ ಮುಖ ನೋಡಲಿಲ್ಲ, ಅಂಗೈ ಚಾಚಿದಳು. ಅವನು ಕೊಟ್ಟ. ಅವಳು ನಡುವಿನ ದಾರಿಯಲ್ಲಿ ನಡೆದು ಹೋಗಿ ಕಾಜಾ ಅಕ್ಕನ ಪಕ್ಕದಲ್ಲಿ, ತಿಂಗಳುಗಳಿಂದ ಖಾಲಿಯಿದ್ದ ಜಾಗದಲ್ಲಿ ಕೂತಳು. ತನ್ನ ಕರವಸ್ತ್ರದಿಂದ ಗಾಜನ್ನು ಒರೆಸಿ, ಬಟ್ಟೆ ಸುತ್ತಿದ ಬೆರಳುಗಳ ನಡುವೆ ಕನ್ನಡಕವನ್ನು ಇಟ್ಟಳು. ಕಾಜಾ ಅಕ್ಕ ಅದನ್ನು ತಡವಿ ನೋಡಿದಳು, ಅದರ ಕಡ್ಡಿಗಳನ್ನು, ತಿರುಪುಗಳನ್ನು. ತನ್ನದೇ ಎಂದು ಬೆರಳಿಗೆ ಗೊತ್ತಾದ ಮೇಲೆ ಹಾಕಿಕೊಂಡು ಎದ್ದು ನಿಂತಳು.

“ಸ್ವಲ್ಪ ನೆಲ ಎದ್ದ ಹಾಗೆ ಕಾಣುತ್ತೆ,” ಎಂದಳು ಹೆಂಡತಿ, ತಾನೂ ಎದ್ದು ನಿಲ್ಲುತ್ತ. ಪರದೆಯ ಆಚೆಯಿಂದ ಅಷ್ಟು ವರ್ಷ ಕೇಳಿ ಕೇಳಿ ಬಾಯಿಪಾಠವಾದ ಮಾತು. “ಏನಾದ್ರೂ ಹಿಡ್ಕೊಳ್ಳಿ ಅಕ್ಕ.”

ಕಾಜಾ ಅಕ್ಕನ ಕೈ ಗಾಳಿಯಲ್ಲಿ ಒಮ್ಮೆ ತಡಕಾಡಿ, ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಹೆಂಡತಿ ಕೈಯನ್ನು ಕೊಟ್ಟು ಅಲುಗಾಡದೆ ನಿಂತಳು. ಆಗ ಮಾತ್ರ ತಲೆಯೆತ್ತಿ, ಅಷ್ಟು ಬೆಂಚುಗಳ ಆಚೆಯಿಂದ ಗಂಡನನ್ನು ನೋಡಿದಳು. ನೋಡುತ್ತಲೇ ಇದ್ದಳು, ನೆಲ ತನ್ನ ಜಾಗಕ್ಕೆ ಇಳಿದು ಕಾಜಾ ಅಕ್ಕ ಕೈ ಬಿಡುವವರೆಗೆ. ಬಹಳ ಹೊತ್ತೇನೂ ಅಲ್ಲ.